ಖಾರ ನಾಲಿಗೆಯ ಕಲಾವಿಮರ್ಶಕ ತೀರಿಹೋದಾಗ ನುಡಿನಮನ ಬರೆಯೋದು ಹೇಗೆ

ಕೆಲವರು ತೀರಿಹೋದಾಗ ಬರೆಯೋದು ಸುಲಭ, ಎಲ್ರಿಗೂ ಬೇಕಾಗಿದ್ದ ಮನುಷ್ಯ, ನಾಲ್ಕು ಒಳ್ಳೆ ಮಾತು, ಒಂದು ಹಳೇ ಫೋಟೋ, ಮುಗೀತು. ಆದ್ರೆ ಹೋಗಿರೋದು ಒಬ್ಬ ಕಲಾವಿಮರ್ಶಕ, ಅದೂ ಮೂವತ್ತು ವರ್ಷ ಕಂಡಕಂಡವರ ಚಿತ್ರಗಳ ಜನ್ಮ ಜಾಲಾಡಿದವನು, ಅರ್ಧ ಜನ ಅವನನ್ನ ಓದೋಕೆ ಅಂತಲೇ ಪೇಪರ್ ತಗೋತಿದ್ರು, ಇನ್ನರ್ಧ ಜನ ಹೆಸರು ಕೇಳಿದ್ರೆ ಹಲ್ಲು ಕಡೀತಿದ್ರು ಅಂದ್ರೆ ಕೈ ಓಡಲ್ಲ. ಹೊಗಳಿದ್ರೆ ಸುಳ್ಳು, ಬೈದ್ರೆ ಸತ್ತವನ ಮೇಲೆ ಸೇಡು ತೀರಿಸ್ಕೊಂಡ ಹಾಗೆ, ಎರಡೂ ಬೇಡಪ್ಪಾ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ರೆ ಅದನ್ನ ಯಾರೂ ಓದಲ್ಲ, ಅವನೇ ಬದುಕಿದ್ದಿದ್ರೆ ಮೊದಲು ಹರಿದು ಬಿಸಾಕ್ತಿದ್ದ.

ಹೀಗೆ ಸಿಕ್ಕಿಹಾಕ್ಕೊಂಡು ಕೂತಿರೋರಿಗೆ ನಾನು ಹೇಳೋದು ಇಷ್ಟೇ, ಅವನ ನಾಲಿಗೆ ಹಿಂದೆ ಓಡಬೇಡಿ, ಕಣ್ಣಿನ ಹಿಂದೆ ಹೋಗಿ. ವಿಮರ್ಶಕನ ಮೊದಲ ಕೆಲಸ ನೋಡೋದು, ಬೈಯೋದೆಲ್ಲ ಆಮೇಲಿನ ಮಾತು. ಏನು ನೋಡಿದ, ನೆಟ್ಟಗೆ ನೋಡಿದನಾ, ಯಾವುದನ್ನ ನೋಡೋಕೇ ಒಪ್ಪಲಿಲ್ಲ ಅನ್ನೋದು ಗೊತ್ತಾದ್ರೆ ಬೈಗುಳಗಳ ತೂಕ ತಾನಾಗೇ ಗೊತ್ತಾಗುತ್ತೆ. ಉದಾಹರಣೆಗೆ ಹೆಚ್ಚಾಗಿ ಬ್ರಯನ್ ಸ್ಯೂಯೆಲ್‌ನ ತಗೋತೀನಿ, ಈ ಥರದವರಲ್ಲಿ ಇಷ್ಟು ಪಕ್ಕಾ ಸ್ಯಾಂಪಲ್ ಇನ್ನೊಂದು ಸಿಗೋದು ಕಷ್ಟ. ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಗೆ 1984ರಿಂದ ಬರೆದ ಮನುಷ್ಯ, 2015ರ ಸೆಪ್ಟೆಂಬರ್ 19ಕ್ಕೆ ತೀರಿಕೊಂಡಾಗ ವಯಸ್ಸು 84.

ಮೊದಲ ದಿನ ಕೈ ಕಟ್ಕೊಂಡು ಕೂತ್ಕೊಳ್ಳಿ

ಸುದ್ದಿ ಬಂದ ಒಂದು ಗಂಟೆ ಒಳಗೆ ಎಲ್ಲಾ ಕಡೆ ಅದೇ ನಾಲ್ಕೈದು ಬೈಗುಳ ತಿರುಗಾಡೋಕೆ ಶುರು ಆಗುತ್ತೆ. ಸ್ಯೂಯೆಲ್ ವಿಷಯದಲ್ಲಿ ಯಾವಾಗ್ಲೂ ಬರೋ ಒಂದು ಮಾತು ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ಬಗ್ಗೆ, ಆತನ ಕೃತಿ ಇಟ್ಕೊಂಡಿದೀವಿ ಅಂದ್ರೆ ನಮ್ಮ ಬಾತ್‌ರೂಮ್ ನಲ್ಲಿಗಳಿಗೆ ಚಿನ್ನದ ಲೇಪ ಇದೆ, ನಮ್ಮ ರೋಲ್ಸ್ ರಾಯ್ಸ್ ಪಿಂಕ್ ಬಣ್ಣದ್ದು ಅಂತ ಜಗತ್ತಿಗೆ ಸಾರಿದ ಹಾಗೆ ಅಂತ. ಇನ್ನೊಂದು ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯೋ ಬ್ಯಾಂಕ್ಸಿ ಬಗ್ಗೆ, ಅವನನ್ನ ಹುಟ್ಟಿದಾಗಲೇ ಮುಗಿಸಿಬಿಡಬೇಕಿತ್ತು ಅಂತ. ಎರಡನ್ನೂ ಜನ ಒಂದೇ ಉಸಿರಲ್ಲಿ ಕೋಟ್ ಮಾಡ್ತಾರೆ, ನಕ್ಕು ಮುಂದೆ ಹೋಗ್ತಾರೆ. ಸ್ವಲ್ಪ ನಿಂತು ನೋಡಿದ್ರೆ ಇವೆರಡೂ ಬೇರೆ ಬೇರೆ ದರ್ಜೆ ಮಾತು. ಮೊದಲನೇದು ನಿಜಕ್ಕೂ ಹರ್ಸ್ಟ್‌ಗೆ ಬಿದ್ದ ಪೆಟ್ಟೇ ಅಲ್ಲ, ದುಡ್ಡು ಕೊಟ್ಟು ಕೊಳ್ಳೋರಿಗೆ ಬಿದ್ದಿದ್ದು, ಅದರೊಳಗೆ ಒಂದು ಗಮನಿಕೆ ಇದೆ, ಕಲೆ ಯಾಕೆ ಮಾರಾಟ ಆಗುತ್ತೆ ಅನ್ನೋದರ ಬಗ್ಗೆ ಒಂದು ವಾದ ಇದೆ. ಎರಡನೇದರಲ್ಲಿ ಸಿಟ್ಟು ಬಿಟ್ರೆ ಇನ್ನೇನೂ ಇಲ್ಲ, ಬ್ಯಾಂಕ್ಸಿ ಹೆಸರು ತೆಗೆದು ಯಾರ ಹೆಸರು ಹಾಕಿದ್ರೂ ನಡೆಯುತ್ತೆ. ಹೆಸರು ಬದಲಾಯಿಸಿದ್ರೂ ಮಾತು ಹಾಗೇ ನಿಲ್ಲುತ್ತೆ ಅಂದ್ರೆ ಅದು ವಿಮರ್ಶೆ ಅಲ್ಲ, ಈ ಟೆಸ್ಟ್ ಯಾವ ವಿಮರ್ಶಕನಿಗಾದ್ರೂ ಮಾಡಿ ನೋಡಿ.

ಎಡಿಟರ್ ಇವತ್ತೇ ಬೇಕು ಅಂತ ಕೂತಿದ್ರೆ ಸುದ್ದಿ ಮಾತ್ರ ಕೊಡಿ, ಹುಟ್ಟಿದ್ದು, ಓದಿದ್ದು, ಎಲ್ಲಿ ಬರೆದಿದ್ದು, ಯಾವ ಜಗಳಕ್ಕೆ ಹೆಸರಾಗಿದ್ದು. ನುಡಿನಮನ ವಾರ ಕಳೆದು ಬಂದ್ರೂ ಏನೂ ಹಾಳಾಗಲ್ಲ.

ಕೋಟ್ ಅಲ್ಲ, ಪೂರ್ತಿ ವಿಮರ್ಶೆ ಓದಿ, ಚಿತ್ರ ಪಕ್ಕದಲ್ಲಿಟ್ಕೊಂಡು

ಇಡೀ ಕೆಲಸದಲ್ಲಿ ನಿಮ್ಮ ಟೈಮ್ ತಿನ್ನೋದು ಇದೇ, ತಿನ್ನಲೂಬೇಕು. ಪತ್ರಿಕೆಯ ಆರ್ಕೈವ್‌ನಲ್ಲೋ ಸಂಕಲನದಲ್ಲೋ ಅವನ ಪೂರ್ತಿ ವಿಮರ್ಶೆಗಳನ್ನ ಹುಡುಕಿ, ಹೊಗಳಿದ್ದು ಒಂದಷ್ಟು, ತೆಗಳಿದ್ದು ಒಂದಷ್ಟು, ಶುರುವಿನ ವರ್ಷಗಳದ್ದು, ಕೊನೇ ವರ್ಷಗಳದ್ದು. ಅವನು ಯಾವ ಚಿತ್ರದ ಬಗ್ಗೆ ಬರೆದಿದಾನೋ ಆ ಚಿತ್ರವನ್ನ ಮ್ಯೂಸಿಯಂ ಸೈಟಿನಲ್ಲಿ ತೆಗೆದು ಪಕ್ಕದಲ್ಲಿ ಇಟ್ಕೊಳ್ಳಿ, ಎದುರಿಗೇ ಹೋಗಿ ನೋಡೋಕಾದ್ರೆ ಇನ್ನೂ ಒಳ್ಳೇದು. ಆಮೇಲೆ ಎರಡು ಬಣ್ಣದ ಪೆನ್ ತಗೊಳ್ಳಿ. ಚಿತ್ರದಲ್ಲಿ ಇರೋದನ್ನ ಅವನು ಹೇಳಿದ ವಾಕ್ಯಗಳಿಗೆ ಒಂದು ಬಣ್ಣ, ಅಂದ್ರೆ ಬೆಳಕು ಎಲ್ಲಿಂದ ಬಂದಿದೆ, ಕೈ ಬರೆದಿರೋದು ತಪ್ಪಾಗಿದೆ, ಈ ನೀಲಿ ಆ ಕಂದು ಪಕ್ಕ ಸತ್ತುಹೋಗಿದೆ ಅನ್ನೋ ಥರದ್ದು. ಚಿತ್ರದ ಹೊರಗಿನ ಮಾತಿಗೆ ಇನ್ನೊಂದು ಬಣ್ಣ, ಕಲಾವಿದನ ಬಟ್ಟೆ, ಬಾಯಿ, ಬ್ಯಾಂಕ್ ಬ್ಯಾಲೆನ್ಸ್, ಅವನನ್ನ ಮೇಲೆತ್ತಿದೋರು ಯಾರು ಇತ್ಯಾದಿ. ಪುಟ ನೋಡಿದ ಕೂಡಲೇ ಈ ಮನುಷ್ಯ ಯಾವತ್ತು ಕೆಲಸ ಮಾಡಿದಾನೆ, ಯಾವತ್ತು ಬರೀ ಪರ್ಫಾರ್ಮೆನ್ಸ್ ಕೊಟ್ಟಿದಾನೆ ಅಂತ ಗೊತ್ತಾಗುತ್ತೆ. ಬಹಳ ಜನ ಖಾರದ ವಿಮರ್ಶಕರಿಗೆ ವಯಸ್ಸಾದಂಗೆ ಎರಡನೇ ಬಣ್ಣ ಜಾಸ್ತಿ ಆಗುತ್ತೆ ಅಂತ ನನ್ನ ಅನುಮಾನ, ಯಾಕಂದ್ರೆ ಅಷ್ಟೊತ್ತಿಗೆ ಓದುಗರು ಬರೋದೇ ಆ ಬೈಗುಳ ಕೇಳೋಕೆ, ಪತ್ರಿಕೆಯೂ ಅದನ್ನೇ ಕೇಳುತ್ತೆ. ಆದ್ರೆ ನಿಮ್ಮ ವಿಮರ್ಶಕನ ವಿಷಯದಲ್ಲಿ ಅದು ನಿಜವಾ ಅಂತ ನೀವೇ ಎಣಿಸಿ ನೋಡ್ಬೇಕು, ನನ್ನ ಮಾತು ನಂಬಿ ಬರೀಬೇಡಿ.

ಒಂದೇ ವಾಕ್ಯದಿಂದ ಮನುಷ್ಯನನ್ನ ಅಳೆದ್ರೆ ಏನಾಗುತ್ತೆ ಅನ್ನೋಕೆ 19ನೇ ಶತಮಾನದ ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ ಇದಾನೆ. ಚಿತ್ರಕಾರ ವಿಸ್ಲರನ ಒಂದು ಚಿತ್ರವನ್ನ 1877ರಲ್ಲಿ ನೋಡಿ, ಕತ್ತಲಲ್ಲಿ ಸಿಡಿದು ಬೀಳ್ತಿರೋ ಬಾಣಬಿರುಸಿನ ಚಿತ್ರ ಅದು, ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿದ್ದಕ್ಕೆ 200 ಗಿನಿ ಕೇಳ್ತಾನಲ್ಲ ಈ ಶೋಕಿಲಾಲ ಅಂತ ಬರೆದ. ವಿಸ್ಲರ್ ಕೋರ್ಟಿಗೆ ಹೋದ, 1878ರಲ್ಲಿ ಗೆದ್ದ, ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದ್ರೆ ಕಾಲು ಪೆನ್ನಿ, ಕೋರ್ಟು ಖರ್ಚಿಗೆ ಮನುಷ್ಯ ದಿವಾಳಿಯೇ ಎದ್ದುಹೋದ. ಇವತ್ತು ಆ ಚಿತ್ರ ಡೆಟ್ರಾಯ್ಟ್ ಮ್ಯೂಸಿಯಂನಲ್ಲಿದೆ, ರಸ್ಕಿನ್ ಅಂದ್ರೆ ಬಣ್ಣದ ಡಬ್ಬಿ ಕಥೆ ಮಾತ್ರ ಗೊತ್ತಿರೋ ಜನ ಬೇಕಾದಷ್ಟಿದ್ದಾರೆ. ತಮಾಷೆ ಅಂದ್ರೆ ಇದೇ ರಸ್ಕಿನ್ ಇನ್ನೂ 24 ವರ್ಷದ ಹುಡುಗ ಇದ್ದಾಗ, 1843ರಲ್ಲಿ, ಚಿತ್ರಕಾರ ಟರ್ನರ್ ಪರವಾಗಿ ಇಡೀ ಪುಸ್ತಕ ಬರೆದವನು, ಟರ್ನರನ ಮಂಜು ಮಬ್ಬೆಲ್ಲ ಹುಚ್ಚಾಟ ಅಂತ ಬೇರೆ ವಿಮರ್ಶಕರು ನಗ್ತಿದ್ದಾಗ. ಮಬ್ಬು ಚಿತ್ರವನ್ನ ನೋಡೋಕೆ ಇಂಗ್ಲೆಂಡಿಗೆ ಕಲಿಸಿದವನಿಗೇ ವಿಸ್ಲರನ ಮಬ್ಬು ಕಾಣಲಿಲ್ಲ. ರಸ್ಕಿನ್ ಬಗ್ಗೆ ಬರೆಯೋನು ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ತರಲಿಲ್ಲ ಅಂದ್ರೆ ಏನು ಬರೆದ ಹಾಗಾಯ್ತು?

ಅಂದಹಾಗೆ ಬೈಗುಳ ಕೆಲವು ಸಲ ಬೈದವನನ್ನೇ ನುಂಗಿಹಾಕುತ್ತೆ. 1874ರಲ್ಲಿ ಲೂಯಿ ಲೆರಾಯ್ ಅನ್ನೋ ಫ್ರೆಂಚ್ ವಿಮರ್ಶಕ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರದ ಹೆಸರು ಹಿಡ್ಕೊಂಡು ಇಂಪ್ರೆಷನಿಸ್ಟ್ ಅಂತ ಗೇಲಿ ಮಾಡಿ ಬರೆದ, ಆ ಗೇಲಿ ಪದವೇ ಆ ಪಂಥಕ್ಕೆ ಹೆಸರಾಯ್ತು. ಈಗ ಲೆರಾಯ್ ನೆನಪಿರೋದು ಅದೊಂದಕ್ಕೇ.

ಏಟು ಯಾರಿಗೆ ಬಿತ್ತು ಅಂತ ನೋಡಿ

ಖಾರದ ನಾಲಿಗೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬೇಡಿ. ಸಾರ್ವಜನಿಕ ದುಡ್ಡು, ಗ್ಯಾಲರಿ, ಬಹುಮಾನ ಎಲ್ಲ ಕೈಯಲ್ಲಿ ಇಟ್ಕೊಂಡಿರೋರಿಗೆ ಬಿದ್ದ ಏಟು ಬೇರೆ, ಮೊದಲ ಪ್ರದರ್ಶನ ಇಟ್ಟ ಹುಡುಗಿಗೆ ಬಿದ್ದ ಏಟು ಬೇರೆ. ಸ್ಯೂಯೆಲ್ ಟೇಟ್ ಗ್ಯಾಲರಿ, ಅದರ ಆಗಿನ ನಿರ್ದೇಶಕ ನಿಕೋಲಸ್ ಸೆರೋಟಾ, ಕಲೆಗೆ ಸರ್ಕಾರಿ ದುಡ್ಡು ಹಂಚೋ ಆರ್ಟ್ಸ್ ಕೌನ್ಸಿಲ್, ಬ್ರಿಟನ್ನಿನ ದೊಡ್ಡ ಕಲಾ ಬಹುಮಾನ ಟರ್ನರ್ ಪ್ರೈಜ್ ಇವುಗಳ ಮೇಲೆ ವರ್ಷಗಟ್ಟಲೆ ಮುಗಿಬಿದ್ದ, ಯಾವ ಕಲೆ ದೊಡ್ಡದು ಅಂತ ಒಂದೇ ಗುಂಪು ಕೂತು ತೀರ್ಮಾನ ಮಾಡ್ತಿದೆ ಅನ್ನೋದು ಆತನ ದೂರು. ಈ ದೂರನ್ನ ನೀವು ಒಪ್ಪದೇ ಇರಬಹುದು, ಆದ್ರೆ ಅದು ಕೇಳಲೇಬೇಕಾದ ದೂರು, ಅಧಿಕಾರ ಇರೋರ ಎದುರು ಮುಲಾಜಿಲ್ಲದೆ ಹೇಳಿದ್ದು. ಇದಕ್ಕೆ ಕ್ರೆಡಿಟ್ ಕೊಡಿ.

ಹಾಗೇ ಇನ್ನೊಂದು ಕಡೆಯದ್ದನ್ನೂ ಹಾಕಿ. 1994ರಲ್ಲಿ ಕಲಾಲೋಕದ 35 ಜನ ಸಹಿ ಹಾಕಿ ಈವ್ನಿಂಗ್ ಸ್ಟ್ಯಾಂಡರ್ಡ್‌ಗೆ ಪತ್ರ ಬರೆದ್ರು, ಈ ಮನುಷ್ಯನದ್ದು ಸ್ತ್ರೀದ್ವೇಷ, ಸಲಿಂಗಿಗಳ ದ್ವೇಷ, ಆಷಾಢಭೂತಿತನ, ಕಲೆ ಬಗ್ಗೆ ಪೂರ್ವಗ್ರಹ ಅಂತ. ಪತ್ರಿಕೆ ಆತನನ್ನ ತೆಗೀಲಿಲ್ಲ, ಜಗಳ ಹುಟ್ಟಿಸಿದ ವಿಮರ್ಶೆಗಳು ಅದೇ ವರ್ಷ ಪುಸ್ತಕವಾಗಿಯೂ ಬಂದ್ವು, 2003ರಲ್ಲಿ ಪತ್ರಿಕಾ ಬರಹಕ್ಕೆ ಆರ್ವೆಲ್ ಪ್ರಶಸ್ತಿಯೂ ಸಿಕ್ತು. ಅಭಿಮಾನಿಗಳು ಇದನ್ನ ಗೆದ್ದ ಕಥೆಯಾಗಿ ಹೇಳ್ತಾರೆ. ನೀವು ಹಾಗೆ ಹೇಳ್ಬೇಡಿ. ಪುಸ್ತಕ ಖರ್ಚಾದ್ರೆ, ಪ್ರಶಸ್ತಿ ಬಂದ್ರೆ ಆ 35 ಜನ ಹೇಳಿದ್ದು ಸುಳ್ಳು ಅಂತ ಆಗಲ್ಲ. ಸಹಿ ಹಾಕಿದೋರು ಜಾಸ್ತಿ ಇದ್ರು ಅನ್ನೋ ಕಾರಣಕ್ಕೆ ನಿಜವೂ ಆಗಲ್ಲ, ಪತ್ರದಲ್ಲಿರೋ ಒಂದೊಂದು ಆರೋಪವನ್ನೂ ವಿಮರ್ಶೆಗಳ ಎದುರು ಇಟ್ಟು ನೋಡ್ಬೇಕು, ಬೇರೆ ದಾರಿ ಇಲ್ಲ.

ನಾಚಿಕೆಗೇಡಿನ ಮಾತನ್ನ ಸುತ್ತಿಬಳಸಬೇಡಿ

ಇಂಥವರ ಬದುಕಲ್ಲಿ ಸಮರ್ಥನೆಗೆ ಸಿಗದ ಒಂದೆರಡು ಮಾತು ಇದ್ದೇ ಇರುತ್ವೆ. 2008ರಲ್ಲಿ ಸ್ಯೂಯೆಲ್, ಮೊದಲ ಸಾಲಿನ ಮಹಿಳಾ ಕಲಾವಿದೆ ಇವತ್ತಿನವರೆಗೂ ಒಬ್ಬಳೂ ಹುಟ್ಟಿಲ್ಲ, ಕಲೆಯ ಶ್ರೇಷ್ಠತೆ ಸಾಧ್ಯ ಆಗೋದು ಗಂಡಸರಿಗೆ ಮಾತ್ರ ಅಂದ. ಬ್ರಿಜೆಟ್ ರೈಲಿ, ಲೂಯಿಸ್ ಬೂರ್ಜ್ವಾ ಎಲ್ಲ ಎರಡನೇ ಮೂರನೇ ದರ್ಜೆ ಅಂತ. ನುಡಿನಮನಗಳಲ್ಲಿ ಇದನ್ನ ದಾಟಿಸೋಕೆ ಮೂರು ಅಡ್ಡದಾರಿ ಇವೆ, ಮೂರೂ ಬೇಡ. ಒಂದು, ಅವರ ಕಾಲ ಹಾಗಿತ್ತು ಅನ್ನೋದು. 2008 ಯಾವ ಹಳೇ ಕಾಲ ಮಾರಾಯ್ರೆ, ಜನರ ಕೈಗೆ ಆಗಲೇ ಐಫೋನ್ ಬಂದಿತ್ತು. ಎರಡು, ಅವರು ಬೇಕಂತಲೇ ಕೆಣಕೋಕೆ ಹೇಳಿದ್ದು, ಸೀರಿಯಸ್ ಅಲ್ಲ ಅನ್ನೋದು. ಕೆಣಕೋಕೆ ಹೇಳಿದ್ದು ಅಂತಾದ್ರೆ ಉಳಿದ ತೀರ್ಪುಗಳನ್ನ ಸೀರಿಯಸ್ಸಾಗಿ ಯಾಕೆ ತಗೋಬೇಕು? ಮೂರನೇದು ವಿವಾದಾತ್ಮಕ ಹೇಳಿಕೆಗಳಿಗೂ ಹೆಸರಾಗಿದ್ದರು ಅಂತ ಒಂದು ಸಾಲಲ್ಲಿ ಮುಚ್ಚಿಹಾಕೋದು, ಇದು ಮೂರರಲ್ಲೂ ಹೇಡಿ ದಾರಿ.

ಮಾಡ್ಬೇಕಾದ್ದು ಸರಳ. ಏನು ಹೇಳಿದ, ಯಾವ ವರ್ಷ ಹೇಳಿದ ಅಂತ ಬರೀರಿ, ಆಮೇಲೆ ಆತನ ಕಣ್ಣಿನ ಲೆಕ್ಕಕ್ಕೆ ತನ್ನಿ. ಎದುರಿಗೆ ಇರೋ ಚಿತ್ರ ನೋಡಿ ಹೇಳು, ಹೆಸರು ನೋಡಿ ಹೇಳ್ಬೇಡ ಅಂತ ಜನ್ಮವಿಡೀ ಹೇಳಿದ ಮನುಷ್ಯ, ಇಲ್ಲಿ ಚಿತ್ರ ನೋಡೋ ಮುಂಚೇನೇ ತೀರ್ಪು ಬರೆದುಬಿಟ್ಟ. ತಾನೇ ಹಾಕಿದ ಗೆರೆಯನ್ನ ತಾನೇ ದಾಟಿದ. 17ನೇ ಶತಮಾನದ ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಬರೆದ ಜೂಡಿತ್ ಚಿತ್ರ ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಂನಲ್ಲಿದೆ, ಸೇನಾಪತಿಯ ಕತ್ತು ಕೊಯ್ತಿರೋ ಆ ಎರಡು ಹೆಂಗಸರ ತೋಳಿನ ಬಲ ನೋಡಿ, ಆ ಚಿತ್ರದ ಪಕ್ಕ ಈ ವಾಕ್ಯ ಇಟ್ಟುಬಿಟ್ರೆ ನೀವು ಬೇರೆ ಭಾಷಣ ಮಾಡೋ ಅಗತ್ಯ ಬೀಳಲ್ಲ.

ಅವನೇ ಬೇರೆಯವರ ಸಾವಿಗೆ ಏನು ಬರೆದಿದ್ದ ಅಂತ ಹುಡುಕಿ

ಇದು ಬಹಳ ಜನ ಮರೆಯೋ ಕೆಲಸ. ಖಾರದ ವಿಮರ್ಶಕರು ಬೇರೆಯವರು ಸತ್ತಾಗ ಬರೆದಿರ್ತಾರೆ, ಅಲ್ಲಿ ಅವರ ನಿಯಮ ಸಿಗುತ್ತೆ. ಆಸ್ಟ್ರೇಲಿಯಾದ ರಾಬರ್ಟ್ ಹ್ಯೂಸ್, ಟೈಮ್ ಪತ್ರಿಕೆಗೆ 1970ರಿಂದ ಮೂರು ದಶಕ ಬರೆದವನು, 2012ರ ಆಗಸ್ಟ್ 6ಕ್ಕೆ ನ್ಯೂಯಾರ್ಕಲ್ಲಿ ತೀರಿಕೊಂಡ. ಅಮೆರಿಕದ ಚಿತ್ರಕಾರ ಬಾಸ್ಕಿಯಾ 1988ರ ಆಗಸ್ಟಲ್ಲಿ 27ನೇ ವಯಸ್ಸಿಗೆ ಸತ್ತಾಗ ಹ್ಯೂಸ್ ಅದೇ ವರ್ಷ ಬರೆದ ಲೇಖನದ ತಲೆಬರಹದಲ್ಲೇ ಅವನನ್ನ ಫೆದರ್‌ವೇಟ್ ಅಂದಿದ್ದ, ಬಾಕ್ಸಿಂಗಲ್ಲಿ ಹಗುರ ತೂಕದೋರಿಗೆ ಹೇಳ್ತಾರಲ್ಲ ಹಾಗೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನೋ ರಿಯಾಯಿತಿ ಆತ ಯಾರಿಗೂ ಕೊಟ್ಟೋನಲ್ಲ, ಹಾಗಾಗಿ ಆತನಿಗೂ ಅದು ಬೇಕಾಗಿಲ್ಲ. ಹಾಗಂತ ಅವನು ಬಾಸ್ಕಿಯಾಗೆ ಮಾಡಿದ್ದನ್ನೇ ನೀವು ಅವನಿಗೆ ಮಾಡ್ಬೇಕು ಅಂತೇನಿಲ್ಲ, ಬೆಣ್ಣೆ ಹಚ್ಚೋದು ಬೇಡ ಅಷ್ಟೇ.

ಇಲ್ಲೇ ಇನ್ನೊಂದು ಹಳ್ಳ ಇದೆ. 2017ರಲ್ಲಿ ಬಾಸ್ಕಿಯಾನ ತಲೆಬುರುಡೆ ಚಿತ್ರ ಒಂದು ಹರಾಜಲ್ಲಿ 11 ಕೋಟಿ ಡಾಲರ್ ದಾಟ್ತು, ನೋಡಿ ಹ್ಯೂಸ್ ಎಷ್ಟು ತಪ್ಪಾಗಿದ್ದ ಅಂತ ಜನ ಅದನ್ನ ತೋರಿಸ್ತಾರೆ. ಹ್ಯೂಸ್ ತನ್ನ ಕೊನೇ ವರ್ಷಗಳಲ್ಲಿ ಹೋರಾಡಿದ್ದೇ ಕಲೆಯ ಬೆಲೆ ಬೇರೆ ರೇಟು ಬೇರೆ ಅಂತ, ಅವನನ್ನ ಸೋಲಿಸೋಕೆ ಹರಾಜಿನ ರೇಟು ತಗೊಂಡು ಹೋದ್ರೆ ಅವನ ವಾದಕ್ಕೆ ನೀವೇ ಸಾಕ್ಷಿ ಹೇಳಿದ ಹಾಗೆ. ಬಾಸ್ಕಿಯಾ ದೊಡ್ಡ ಕಲಾವಿದ ಅಂತ ನಿಮಗೆ ಅನ್ಸಿದ್ರೆ, ನನಗೂ ಹಾಗೇ ಅನ್ಸುತ್ತೆ, ಚಿತ್ರದಿಂದ ತೋರಿಸಿ, ಆ ಗೆರೆ ಹೇಗೆ ಹೊಡೆಯುತ್ತೆ, ಪದಗಳನ್ನ ಬರೆದು ಕಾಟು ಹಾಕಿದಾಗ ಅವು ಇನ್ನೂ ಜೋರಾಗಿ ಹೇಗೆ ಕೇಳ್ತವೆ ಅಂತ.

ಏನನ್ನ ಪ್ರೀತಿಸಿದ?

ಬೈಗುಳ ಹಂಚಿಕೊಳ್ಳೋರು ಸಾವಿರ ಜನ, ಹೊಗಳಿಕೆ ಹಂಚಿಕೊಳ್ಳೋರು ಯಾರೂ ಇಲ್ಲ, ಆದ್ರಿಂದ ಇದನ್ನ ನೀವೇ ಅಗೆದು ತೆಗೀಬೇಕು. ಹ್ಯೂಸ್ ಸ್ಪೇನಿನ ಹಳೇ ಚಿತ್ರಕಾರ ಗೋಯಾ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ಬರೆದ, ಲೂಸಿಯನ್ ಫ್ರಾಯ್ಡ್, ಫ್ರಾಂಕ್ ಆವರ್‌ಬಾಕ್ ಅಂಥ ಚಿತ್ರಕಾರರ ಪರವಾಗಿ ಗಟ್ಟಿಯಾಗಿ ನಿಂತ. ಸ್ಯೂಯೆಲ್ ವಿಷಯದಲ್ಲಿ ನನಗೆ ಬಹಳ ಉಪಯೋಗ ಅನ್ಸೋದು ಆತನ ಮನೆ ಗೋಡೆ. ಸತ್ತ ಮರುವರ್ಷ, 2016ರಲ್ಲಿ, ಆತನ ಸಂಗ್ರಹ ಕ್ರಿಸ್ಟೀಸ್‌ನಲ್ಲಿ ಹರಾಜಾಯ್ತು, ಒಂದು ಕಾಲಕ್ಕೆ ಆತ ಕೆಲಸಕ್ಕಿದ್ದದ್ದೂ ಅಲ್ಲೇ. ಹಳೇ ಉಸ್ತಾದರ ಡ್ರಾಯಿಂಗುಗಳ ಜೊತೆಗೆ 20ನೇ ಶತಮಾನದ ಬ್ರಿಟಿಷ್ ಕಲಾವಿದರ ಕೆಲಸಗಳೂ ಅದರಲ್ಲಿದ್ವು. ಹೊಸದು ಯಾವುದೂ ಕಂಡ್ರಾಗಲ್ಲ ಅಂತ ಹೆಸರಾಗಿದ್ದವನು ತನ್ನ ಸ್ವಂತ ದುಡ್ಡಲ್ಲಿ ಏನು ತಗೊಂಡಿದ್ದ ಅನ್ನೋದು ನೂರು ಇಂಟರ್‌ವ್ಯೂಗಿಂತ ಜಾಸ್ತಿ ಹೇಳುತ್ತೆ. ವಿಮರ್ಶಕ ಯಾರೇ ಆಗಿರ್ಲಿ, ಮನೆಯಲ್ಲಿ ಏನು ತೂಗುಹಾಕಿದ್ದ ಅಂತ ಮನೆಯವರನ್ನ ಕೇಳಿ, ಆ ಪ್ರಶ್ನೆಗೆ ಅವರು ಖುಷಿಯಾಗಿ ಉತ್ತರ ಕೊಡ್ತಾರೆ, ಮಾತೂ ಮುಂದುವರಿಯುತ್ತೆ.

ನಾಯಿಗಳ ಮೇಲಿನ ಪ್ರೀತಿ, ಕಾರುಗಳ ಹುಚ್ಚು, ಆ ರಾಜಮನೆತನದ ಥರದ ಉಚ್ಚಾರಣೆ ಇವೆಲ್ಲ ಸ್ಯೂಯೆಲ್ ಬಗ್ಗೆ ಬರೆಯೋರಿಗೆ ಸಿಗೋ ಮಿಠಾಯಿ, ಒಂದೆರಡು ಸಾಲಿಗೆ ಪರವಾಗಿಲ್ಲ. ಖಾಸಗಿ ಬದುಕಿನ ವಿಷಯಕ್ಕೆ ನನ್ನ ಅಳತೆ, ಅವನೇ ಬರೆದುಕೊಂಡದ್ದು, ಅದೂ ಅವನ ಬರವಣಿಗೆಗೆ ಬೆಳಕು ಹಾಕೋದಾದ್ರೆ ಮಾತ್ರ. 1979ರಲ್ಲಿ ಕಲಾ ಇತಿಹಾಸಕಾರ ಆಂಥನಿ ಬ್ಲಂಟ್ ಸೋವಿಯತ್ ಗೂಢಚಾರ ಅಂತ ಪ್ರಧಾನಿ ಥ್ಯಾಚರ್ ಪಾರ್ಲಿಮೆಂಟಲ್ಲಿ ಬಯಲು ಮಾಡಿದಾಗ ಇಡೀ ದೇಶ ಉಗೀತಿತ್ತು, ಆಗ ಬ್ಲಂಟ್ ಪರವಾಗಿ ಪತ್ರಕರ್ತರಿಗೆ ಅಡ್ಡ ನಿಂತವನು ಸ್ಯೂಯೆಲ್, ಲಂಡನ್ನಿನ ಕೋರ್ಟಾಲ್ಡ್ ಕಲಾ ಸಂಸ್ಥೆಯಲ್ಲಿ ತನಗೆ ಪಾಠ ಹೇಳಿದ ಗುರು ಅಂತ. ಇದು ಬರೀಬೇಕಾದ್ದು, ಯಾಕಂದ್ರೆ ಗುಂಪು ಒಂದು ಕಡೆ ಹೊರಟಾಗ ಇನ್ನೊಂದು ಕಡೆ ಹೋಗಿ ನಿಲ್ಲೋ ಸ್ವಭಾವ ಅಲ್ಲೇ ಕಾಣುತ್ತೆ, ಅದರ ಒಳ್ಳೇದು ಕೆಟ್ಟದ್ದು ಎರಡೂ.

ಪೆಟ್ಟು ತಿಂದವರ ಹತ್ರ ಮಾತಾಡೋದು

ಮಾತಾಡಿ, ಆದ್ರೆ ಸತ್ತ ದಿನವೇ ಫೋನ್ ಮಾಡಿ ಈಗ ಹೇಗನ್ಸುತ್ತೆ ಅಂತ ಕೇಳೋದು ಅಸಹ್ಯ. ಸ್ವಲ್ಪ ದಿನ ಬಿಟ್ಟು ಕೇಳಿ, ಅವರ ಬಗ್ಗೆ ಬಂದಿದ್ದ ವಿಮರ್ಶೆ ಓದಿಕೊಂಡು ಹೋಗಿ, ಆ ವಿಮರ್ಶೆಯಲ್ಲಿ ಯಾವುದಾದ್ರೂ ಒಂದು ವಾಕ್ಯ ನಿಜ ಅನ್ಸಿತ್ತಾ ಅಂತ ಕೇಳಿ. ಉತ್ತರ ಹೌದು ಆಗಿರಲಿ ಅಲ್ಲ ಆಗಿರಲಿ, ಕೆಲಸಕ್ಕೆ ಬರುತ್ತೆ. ಹೆಸರು ಮಾಡಿದವರನ್ನ ಮಾತ್ರ ಕೇಳಿದ್ರೆ ಅಯ್ಯೋ ಅದೆಲ್ಲ ಆಯ್ತು ಬಿಡಿ ಅಂತ ದೊಡ್ಡ ಮನಸ್ಸು ತೋರಿಸ್ತಾರೆ, ಅವರಿಗೇನು, ಗೆದ್ದಾಗಿದೆ. ಒಂದು ವಿಮರ್ಶೆ ಆದ ಮೇಲೆ ಪ್ರದರ್ಶನ ಇಡೋದನ್ನೇ ಬಿಟ್ಟವರು ಯಾರಾದ್ರೂ ಇದಾರಾ ಅಂತ ಹುಡುಕಿ. ಮಾತಾಡಲ್ಲ ಅಂದ್ರೆ ಒತ್ತಾಯ ಬೇಡ, ಮಾತಾಡೋಕೆ ಒಪ್ಪಲಿಲ್ಲ ಅಂತ ಹೆಸರು ಹಾಕಿ ಬರೆಯೋದೂ ಬೇಡ.

ಅವನ ಧಾಟಿಯಲ್ಲಿ ಬರೀಬೇಡಿ

ಖಾರದ ವಿಮರ್ಶಕ ಸತ್ತಾಗ ಎಲ್ರಿಗೂ ಬರೋ ಚಪಲ ಇದು, ಅವನ ಸ್ಟೈಲಲ್ಲೇ ಅವನಿಗೊಂದು ಕುಟುಕು ಹಾಕೋದು. ಬರೆಯುವಾಗ ಮಜಾ ಇರುತ್ತೆ, ಓದುವಾಗ ಮಿಮಿಕ್ರಿ ಥರ ಇರುತ್ತೆ. ಹಾಗೇ ಅಜಾತಶತ್ರು, ತುಂಬಲಾರದ ನಷ್ಟ, ನೇರ ನಿಷ್ಠುರ ನುಡಿ, ಕಲಾಲೋಕ ಬಡವಾಯಿತು ಇವನ್ನೆಲ್ಲ ಡ್ರಾಫ್ಟ್‌ನಲ್ಲಿ ಸರ್ಚ್ ಮಾಡಿ ಅಳಿಸಿ. 35 ಜನ ಸಹಿ ಹಾಕಿ ದೂರು ಕೊಟ್ಟವನನ್ನ ಯಾರೋ ಅಜಾತಶತ್ರು ಅಂತ ಬರೆದಿದ್ರೂ ನನಗೆ ಆಶ್ಚರ್ಯ ಇಲ್ಲ.

ಬರೆಯೋದಲ್ಲ, ಸಭೆಯಲ್ಲಿ ಮಾತಾಡ್ಬೇಕು ಅಂದ್ರೆ ಲೆಕ್ಕ ಬೇರೆ. ಮುಂದಿನ ಸಾಲಲ್ಲಿ ಮನೆಯವರು ಕೂತಿರ್ತಾರೆ, ಐದು ನಿಮಿಷಕ್ಕೆ ಮುಗಿಸಿ, ಅವನು ಮನಸಾರೆ ಮೆಚ್ಚಿ ಬರೆದ ಒಂದು ಪ್ಯಾರಾ ಓದಿ, ಆ ಚಿತ್ರದ ಪ್ರಿಂಟ್ ಒಂದನ್ನ ಎತ್ತಿ ತೋರಿಸಿ. ಎಲ್ಲರಿಗೂ ಒಪ್ಪಿಗೆಯಾಗೋ ಮನುಷ್ಯ ಆಗಿರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕು, ಸುಳ್ಳು ಹೇಳದ ಹಾಗೂ ಆಯ್ತು, ಪಟ್ಟಿ ಓದೋ ಜಾಗ ಅದಲ್ಲ.

ಕೊನೇಗೆ ಪತ್ರಿಕೆಗೆ ಕಳಿಸುವಾಗ ತಲೆಬರಹ ನೀವೇ ಕೊಟ್ಟುಬಿಡಿ, ಡೆಸ್ಕಿನವರಿಗೆ ಬಿಟ್ರೆ ಅವನ ಅತಿ ಫೇಮಸ್ ಬೈಗುಳವನ್ನೇ ಎತ್ತಿ ಹಾಕ್ತಾರೆ, ಆಮೇಲೆ ಒಳಗೆ ನೀವು ಏನೇ ಬರೆದಿದ್ರೂ ಜನ ಓದೋದು ಅದನ್ನೇ. ಕೋಟ್ ಮಾಡಿದ ಒಂದೊಂದು ಮಾತಿಗೂ ಯಾವ ಪತ್ರಿಕೆ ಯಾವ ವರ್ಷ ಅಂತ ನಿಮ್ಮ ಹತ್ರ ಗುರುತು ಇರಲಿ, ಇಂಥವರ ಹೆಸರಲ್ಲಿ ಅವರು ಆಡದೇ ಇರೋ ಮಾತೂ ಬೇಕಾದಷ್ಟು ತಿರುಗಾಡ್ತಿರುತ್ತೆ. ಫೋಟೋಗೆ ಅವನ ಮುಖದ ಜೊತೆ ಅವನು ವಿಮರ್ಶೆ ಬರೆದಿದ್ದ ಒಂದು ಚಿತ್ರವನ್ನೂ ಹಾಕೋಕೆ ಹೇಳಿ, ಬೈದಿದ್ದಾದ್ರೂ ಸರಿ ಹೊಗಳಿದ್ದಾದ್ರೂ ಸರಿ, ಕೆಳಗೆ ಕಲಾವಿದನ ಹೆಸರು, ವರ್ಷ, ಈಗ ಯಾವ ಮ್ಯೂಸಿಯಂನಲ್ಲಿದೆ ಅನ್ನೋದು ಕಡ್ಡಾಯ, ಜಾಗ ಇಲ್ಲ ಅಂದ್ರೆ ಮುಖ ಚಿಕ್ಕದು ಮಾಡ್ಲಿ.